ಬೆಟ್ಟದಿಳಿಜಾರಿನ ಸೈಕಲ್ ಓಟ: ಒಂದು ಋತುವಿನ ಚರಿತ್ರೆ

ತಿಪಟೂರು ತಾಲ್ಲೂಕಿನ ಬಿಳಿಗೆರೆಯಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು, ತರಗತಿಯಲ್ಲಿ ಕ್ರೀಡೆಗಳ ಚರಿತ್ರೆಯ ಪ್ರಸ್ತಾಪ ಬಂದಾಗ, ನಮ್ಮ ಮುಂದೆ ಒಂದು ಸಂಶಯವನ್ನಿಟ್ಟನು. ಬೆಟ್ಟದ ನೆತ್ತಿಯಿಂದ ಬುಡಕ್ಕೆ ಸೈಕಲ್ಲಿನ ಮೇಲೆ ಇಳಿಯುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಪರದೇಶಗಳಲ್ಲಿದ್ದಾರೆಂದು ಅವನು ಕೇಳಿದ್ದನು. ಇಳಿಯುವುದಕ್ಕೆ ಭೂಮಿಯ ಸೆಳೆತವೇ ಸಾಲದೆ? ನಾಲ್ಕು ನಿಮಿಷಗಳಲ್ಲಿ ಮುಗಿದುಹೋಗುವ ಕೆಲಸಕ್ಕೆ ವರ್ಷವಿಡೀ ಸಂಬಳ ಕೊಡುವರೆ? ಇದರಲ್ಲಿ ಚರಿತ್ರಕಾರನು ಬರೆಯತಕ್ಕದ್ದೇನಿದೆ? ಇವು ಅವನ ಪ್ರಶ್ನೆಗಳು. ಇವುಗಳಿಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ. ಉದಾಹರಣೆಗಾಗಿ ಬ್ರಿಟನ್ನಿನ ರೇಚಲ್ ಆಥರ್ಟನ್ ಅವರ 2016ರ ಸ್ಪರ್ಧಾಋತುವನ್ನು ಆರಿಸಿಕೊಂಡಿದ್ದೇವೆ. ಈ ಕ್ರೀಡೆಯಲ್ಲಿ ಸೋಲಿಲ್ಲದ ಋತುವೆಂದು ಹೆಸರಾದುದು ಅದು. ಗೆಲುವುಗಳ ಪಟ್ಟಿಯೊಂದನ್ನು ಹೇಗೆ ಓದಬೇಕೆಂಬ ಪ್ರಶ್ನೆಯನ್ನೂ ಅದು ನಮ್ಮ ಮುಂದೆ ತರುತ್ತದೆ.

1. ಕ್ರೀಡೆಯ ಉಗಮ

ಗುಡ್ಡವನ್ನು ಸೈಕಲ್ಲಿನಲ್ಲಿ ಇಳಿಯುವುದು ಸೈಕಲ್ಲಿನಷ್ಟೇ ಹಳೆಯದಾಗಿರಬಹುದು. ಆದರೆ ಕಾಲವನ್ನು ಅಳೆದು, ಫಲಿತಾಂಶವನ್ನು ಬರೆದಿಟ್ಟು ನಡೆಸಿದ ಓಟಗಳಲ್ಲಿ ಪ್ರಸಿದ್ಧವಾದವು ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಮರಿನ್ ಜಿಲ್ಲೆಯವು. ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿಯ ಮಣ್ಣುದಾರಿಯೊಂದರಲ್ಲಿ 1976ರ ಅಕ್ಟೋಬರ್ 21ರಂದು ಮೊದಲನೆಯ ಓಟ ನಡೆಯಿತು. ಆ ದಾರಿ ಸುಮಾರು ಮೂರೂಕಾಲು ಕಿಲೋಮೀಟರು ಉದ್ದದೊಳಗೆ ಸುಮಾರು 400 ಮೀಟರು ಕೆಳಗಿಳಿಯುತ್ತಿತ್ತು. ಸ್ಪರ್ಧಿಗಳು ತಂದದ್ದು ದಪ್ಪ ಟಯರಿನ ಹಳೆಯ ಸೈಕಲ್ಲುಗಳು. ಅವುಗಳಿಗೆ ಹಿಂಗಾಲಿಯ ಗುಂಬದೊಳಗೆ ಬ್ರೇಕು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಅದು ಹಿಡಿಯುತ್ತಿತ್ತು. ಒಂದು ಸಲ ಬೆಟ್ಟವಿಳಿದರೆ ಆ ಗುಂಬ ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಸೈಕಲ್ಲು ಕೆಲಸಕ್ಕೆ ಬರುತ್ತಿರಲಿಲ್ಲ. ಈ ಮರುತುಂಬುವಿಕೆಯಿಂದಲೇ ಆ ಓಟಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದಿತು. ಓಟಗಳನ್ನು ಏರ್ಪಡಿಸುತ್ತಿದ್ದ ಚಾರ್ಲಿ ಕೆಲ್ಲಿ, ಓಡಿದ ಗ್ಯಾರಿ ಫಿಶರ್, ಜೋ ಬ್ರೀಜ್ ಮೊದಲಾದವರೇ ಮುಂದೆ ಬೆಟ್ಟದ ಸೈಕಲ್ಲಿನ ತಯಾರಿಕೆಯಲ್ಲಿ ಪ್ರಮುಖರಾದರು. ಬೆಟ್ಟದ ದಾರಿಗೆಂದೇ ಹೊಸದಾಗಿ ಚೌಕಟ್ಟು ಕಟ್ಟುವ ಕೆಲಸವನ್ನು ಬ್ರೀಜ್ 1977ರಲ್ಲಿ ಕೈಗೊಂಡರು.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಬೆಟ್ಟದ ಸೈಕಲ್ಲಿನ ಮೊದಲನೆಯ ವಿಶ್ವಚಾಂಪಿಯನ್‌ಷಿಪ್ಪನ್ನು 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ನಡೆಸಿತು. ಇಳಿಜಾರಿನ ವಿಭಾಗದಲ್ಲಿ ಅಮೆರಿಕದ ಗ್ರೆಗ್ ಹರ್ಬೋಲ್ಡ್, ಕೆನಡದ ಸಿಂಡಿ ಡಿವೈನ್ ಅಂದು ಗೆದ್ದವರು. ವರ್ಷದುದ್ದಕ್ಕೂ ಹಲವು ದೇಶಗಳಲ್ಲಿ ನಡೆದು ಅಂಕಗಳ ಮೂಲಕ ನಿರ್ಣಯವಾಗತಕ್ಕ ವಿಶ್ವಕಪ್ ಸರಣಿಯಲ್ಲಿ ಇಳಿಜಾರಿಗೆ 1993ರಲ್ಲಿ ಸ್ಥಾನ ದೊರೆಯಿತು. ಏರಿಳಿತಗಳೆರಡನ್ನೂ ಒಳಗೊಂಡ ‘ಕ್ರಾಸ್ ಕಂಟ್ರಿ’ ಓಟವು 1996ರ ಅಟ್ಲಾಂಟ ಒಲಿಂಪಿಕ್ಸನ್ನು ಸೇರಿತು. ಇಳಿಜಾರಿನ ಓಟವು ಸೇರಲಿಲ್ಲ. ಆದುದರಿಂದ ಈ ಓಟಗಾರರಿಗೆ ವಿಶ್ವಕಪ್ಪು ಮತ್ತು ವಿಶ್ವಚಾಂಪಿಯನ್‌ಷಿಪ್ಪು, ಇವೆರಡೇ ಪರಮಾವಧಿ. ಮೊದಲನೆಯದು ಇಡೀ ಋತುವಿನ ಸ್ಥಿರತೆಯನ್ನು ಅಳೆಯುತ್ತದೆ. ಎರಡನೆಯದು ಒಂದು ದಿನದ ಒಂದೇ ಇಳಿತವನ್ನು.

2. ಓಟದ ಕ್ರಮ

ಇಳಿಯಲು ಭೂಮಿಯ ಸೆಳೆತವೇ ಸಾಕೆಂಬ ಮಾತು ಅರ್ಧಸತ್ಯ. ಸೆಳೆತವು ವೇಗವನ್ನು ಕೊಡುತ್ತದೆಯೇ ಹೊರತು ದಾರಿಯನ್ನು ತೋರಿಸುವುದಿಲ್ಲ. ಬಂಡೆ, ಮರದ ಬೇರು, ಕೆಸರು, ತಟ್ಟನೆ ಬರುವ ತಿರುವು, ಹಾರಿ ದಾಟಬೇಕಾದ ಕಂದಕ, ಇವೆಲ್ಲ ಇರುವ ದಾರಿಯಲ್ಲಿ ಎಲ್ಲಿ ಬ್ರೇಕು ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬ ನಿರ್ಣಯವೇ ಓಟದ ಜೀವಾಳ. ತಿರುವಿಗೆ ಮುಂಚೆ ಬ್ರೇಕನ್ನು ಮುಗಿಸಿದವನು ತಿರುವಿನೊಳಗೆ ಚಕ್ರದ ಹಿಡಿತವನ್ನೆಲ್ಲ ತಿರುಗುವುದಕ್ಕೇ ಬಳಸಬಲ್ಲನು. ತಡಮಾಡಿದವನ ಚಕ್ರವು ಜಾರುತ್ತದೆ. ಇಂದಿನ ಇಳಿಜಾರಿನ ಸೈಕಲ್ಲಿಗೆ ಮುಂದೆಯೂ ಹಿಂದೆಯೂ ಸುಮಾರು 200 ಮಿಲಿಮೀಟರು ಕುಗ್ಗಿ ಹಿಗ್ಗುವ ಆಘಾತಶಾಮಕಗಳೂ ಎರಡು ಚಕ್ರಗಳಿಗೂ ಡಿಸ್ಕ್ ಬ್ರೇಕುಗಳೂ ಇರುತ್ತವೆ. ಸವಾರರು ಮುಖವನ್ನು ಪೂರ್ತಿ ಮುಚ್ಚುವ ಶಿರಸ್ತ್ರಾಣವನ್ನು ಧರಿಸುತ್ತಾರೆ. ಇಷ್ಟಾದರೂ ಬೀಳುವುದು ಅಪರೂಪವಲ್ಲ.

ಸ್ಪರ್ಧಿಗಳು ಒಟ್ಟಾಗಿ ಓಡುವುದಿಲ್ಲ. ನಿಯತವಾದ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ. ಎದುರಾಳಿ ಕಣ್ಣಿಗೆ ಕಾಣುವುದಿಲ್ಲ, ಗಡಿಯಾರವೇ ಎದುರಾಳಿ. ಅದು ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಲೆಕ್ಕವಿಡುತ್ತದೆ. 2016ರಲ್ಲಿ ಪ್ರತಿಯೊಂದು ಸುತ್ತಿನ ಕ್ರಮ ಹೀಗಿತ್ತು: ಮೊದಲು ಸವಾರರು ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡುವರು; ಆಮೇಲೆ ಅಭ್ಯಾಸದ ಇಳಿತಗಳು; ಅನಂತರ ಅರ್ಹತೆಯ ಓಟ; ಕೊನೆಗೆ ಅಂತಿಮ ಓಟ. ಅರ್ಹತೆಯ ಓಟದಲ್ಲಿ ಅತಿ ಶೀಘ್ರವಾಗಿ ಇಳಿದವರು ಅಂತಿಮದಲ್ಲಿ ಎಲ್ಲರಿಗಿಂತ ಕೊನೆಗೆ ಹೊರಡಬೇಕು. ಇದು ಗೌರವವೂ ಹೌದು, ಪರೀಕ್ಷೆಯೂ ಹೌದು. ಉಳಿದವರೆಲ್ಲ ಇಳಿದು ದಾರಿ ಕಿತ್ತುಹೋಗಿರುತ್ತದೆ. ನಡುವೆ ಮಳೆ ಬಂದರೆ ಬೆಳಗಿನ ದಾರಿಯೇ ಬೇರೆ, ಮಧ್ಯಾಹ್ನದ ದಾರಿಯೇ ಬೇರೆ. 2023ರಿಂದೀಚೆಗೆ ಸರಣಿಯ ವ್ಯವಸ್ಥೆಯಲ್ಲಿ ಕೆಲವು ಮಾರ್ಪಾಡುಗಳಾಗಿವೆ. ಅವು ನಮ್ಮ ವಿಷಯಕ್ಕೆ ಸೇರಿದವಲ್ಲ.

3. 2016ರ ಋತು

ರೇಚಲ್ ಆಥರ್ಟನ್ 1987ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಅಣ್ಣಂದಿರಾದ ಡ್ಯಾನ್ ಮತ್ತು ಗೀ ಇಬ್ಬರೂ ಇದೇ ವೃತ್ತಿಯವರು. 2008ರಲ್ಲಿ ಇಟಲಿಯ ವಾಲ್ ದಿ ಸೋಲೆಯಲ್ಲಿ ನಡೆದ ವಿಶ್ವಚಾಂಪಿಯನ್‌ಷಿಪ್ಪಿನಲ್ಲಿ ಪುರುಷರ ಪ್ರಶಸ್ತಿ ಗೀಗೂ ಮಹಿಳೆಯರ ಪ್ರಶಸ್ತಿ ರೇಚಲ್‌ಗೂ ಸಂದು, ಒಂದೇ ಮನೆಗೆ ಎರಡು ಬಿರುದುಗಳು ಬಂದುವು. 2015ರ ವಿಶ್ವಕಪ್ಪಿನಲ್ಲಿ ಏಳು ಸುತ್ತುಗಳ ಪೈಕಿ ಮೊದಲನೆಯದೊಂದನ್ನು ಬಿಟ್ಟು ಉಳಿದ ಆರನ್ನೂ ಅವರು ಗೆದ್ದಿದ್ದರು. 2016ಕ್ಕೆ ಅವರ ತಂಡವು ಟ್ರೆಕ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಹಾಗಾಗಿ ಬಳಕೆಯ ಸೈಕಲ್ಲನ್ನು ಬಿಟ್ಟು ಹೊಸದಕ್ಕೆ ಮೈಯನ್ನೂ ಮನಸ್ಸನ್ನೂ ಹೊಂದಿಸಿಕೊಳ್ಳಬೇಕಾಯಿತು.

ಋತುವು ಏಪ್ರಿಲಿನಲ್ಲಿ ಫ್ರಾನ್ಸಿನ ಲೂರ್ದ್‌ನಲ್ಲಿ ಆರಂಭವಾಯಿತು. ಯಾತ್ರಾಸ್ಥಳವೆಂದು ಲೋಕಪ್ರಸಿದ್ಧವಾದ ಆ ಊರಿನ ಮಗ್ಗುಲ ಬೆಟ್ಟಕ್ಕೆ ಹಗ್ಗದಿಂದ ಎಳೆಯುವ ರೈಲುಗಾಡಿಯಿದೆ. ಸವಾರರು ಅದರಲ್ಲಿ ಮೇಲಕ್ಕೆ ಹೋಗಿ ಸೈಕಲ್ಲಿನಲ್ಲಿ ಕೆಳಕ್ಕೆ ಬರುವರು. ಅದೇ ತಿಂಗಳಿನಲ್ಲಿ ಎರಡನೆಯ ಸುತ್ತು ಭೂಗೋಳದ ಇನ್ನೊಂದು ಮಗ್ಗುಲಿನ ಆಸ್ಟ್ರೇಲಿಯದ ಕೇರ್ನ್ಸ್‌ನಲ್ಲಿ ನಡೆಯಿತು. ಅಲ್ಲಿಯದು ಉಷ್ಣವಲಯದ ಮಳೆಕಾಡು. ಜೊತೆಗೆ ಪ್ರಬಲ ಪ್ರತಿಸ್ಪರ್ಧಿಯಾದ ಟ್ರೇಸಿ ಹನ್ನಾ ಅವರ ಸ್ವಂತ ಊರು. ಜೂನಿನಲ್ಲಿ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ. ಅಲ್ಲಿಯ ದಾರಿಯು ಮೂರು ಕಿಲೋಮೀಟರಿಗೂ ಕಡಮೆ ಉದ್ದದಲ್ಲಿ ಸುಮಾರು 550 ಮೀಟರು ಇಳಿಯುತ್ತದೆ. ಮೇಲ್ಭಾಗವೆಲ್ಲ ಬಯಲುಬಂಡೆ, ಬೀಸುಗಾಳಿ. ಬಳಿಕ ಅದೇ ತಿಂಗಳಿನಲ್ಲಿ ಆಸ್ಟ್ರಿಯದ ಲಿಯೋಗಾಂಗ್, ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಲೆಂಜರ್‌ಹೈಡೆ, ಆಗಸ್ಟಿನಲ್ಲಿ ಕೆನಡದ ಮೋಂ-ಸಾಂತ್-ಆನ್, ಸೆಪ್ಟೆಂಬರಿನಲ್ಲಿ ಅಂಡೋರದ ವಾಲ್‌ನಾರ್ಡ್. ಈ ಏಳು ಸುತ್ತುಗಳನ್ನೂ ಆಥರ್ಟನ್ ಗೆದ್ದರು. ಅದೇ ಸೆಪ್ಟೆಂಬರಿನಲ್ಲಿ, ಎಂಟು ವರ್ಷಗಳ ಹಿಂದೆ ತಮ್ಮ ಮೊದಲನೆಯ ಬಿರುದನ್ನು ಪಡೆದಿದ್ದ ವಾಲ್ ದಿ ಸೋಲೆಯಲ್ಲಿಯೇ ವಿಶ್ವಚಾಂಪಿಯನ್ನರೂ ಆದರು. ಒಂದು ಋತುವಿನ ಎಲ್ಲ ಸುತ್ತುಗಳನ್ನೂ ಗೆಲ್ಲುವುದು ಅದುವರೆಗೆ ಪುರುಷರಲ್ಲಾಗಲಿ ಮಹಿಳೆಯರಲ್ಲಾಗಲಿ ಯಾರಿಗೂ ಸಾಧ್ಯವಾಗಿರಲಿಲ್ಲ. ಇಳಿಜಾರಿನಲ್ಲಿ ಒಂಬತ್ತು ಸಲ ವಿಶ್ವಚಾಂಪಿಯನ್ನರಾದ ಫ್ರಾನ್ಸಿನ ಆನ್-ಕರೋಲಿನ್ ಶೋಸೋನ್ ಅವರಿಗೂ ಆ ಕೀರ್ತಿ ಒದಗಿರಲಿಲ್ಲ.

ಈಗ ನಮ್ಮ ವಿದ್ಯಾರ್ಥಿಯ ಲೆಕ್ಕಕ್ಕೆ ಬರೋಣ. ಒಂದೊಂದು ಇಳಿತಕ್ಕೆ ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ವಿಶ್ವಚಾಂಪಿಯನ್‌ಷಿಪ್ಪೂ ಸೇರಿ ಎಂಟು ಅಂತಿಮ ಓಟಗಳು. ಎಷ್ಟು ಉದಾರವಾಗಿ ಎಣಿಸಿದರೂ ಇಡೀ ವರ್ಷದ ನಿರ್ಣಾಯಕ ಕಾಲವು ಮುಕ್ಕಾಲು ಗಂಟೆಯನ್ನು ಮುಟ್ಟುವುದಿಲ್ಲ. ಉಳಿದ ಕಾಲವು ಚಳಿಗಾಲದ ಅಂಗಸಾಧನೆಗೆ, ರಸ್ತೆಯ ಮೇಲಿನ ದೂರಸವಾರಿಗೆ, ಸೈಕಲ್ಲಿನ ಪರೀಕ್ಷೆಗೆ, ಪ್ರಯಾಣಕ್ಕೆ, ಗಾಯ ಮಾಯುವುದಕ್ಕೆ ಹೋಗುತ್ತದೆ. ಇಂಥವರ ಜೀವನವು ನಡೆಯುವುದು ಬಹುಮಟ್ಟಿಗೆ ಬಹುಮಾನದ ಹಣದಿಂದಲ್ಲ, ಸೈಕಲ್ಲು ಮತ್ತು ಸಲಕರಣೆಗಳ ತಯಾರಕರೊಡನೆ ಮಾಡಿಕೊಂಡ ಒಪ್ಪಂದಗಳಿಂದ. ಆ ಒಪ್ಪಂದಗಳ ಭವಿಷ್ಯವಾದರೋ ಆ ಕೆಲವು ನಿಮಿಷಗಳನ್ನೇ ಅವಲಂಬಿಸಿರುತ್ತದೆ.

ತೆಂಗಿನ ಸೀಮೆಯವರಿಗೆ ಈ ಬಗೆಯ ಲೆಕ್ಕ ಹೊಸದಲ್ಲ. ಬಲಿತ ಕಾಯನ್ನು ಮರದಿಂದಿಳಿಸಿ ಅಟ್ಟದ ಮೇಲೆ ಹಾಕಿದ ಮೇಲೆ ಅದು ಉಂಡೆ ಕೊಬ್ಬರಿಯಾಗುವುದಕ್ಕೆ ವರ್ಷದ ಬಹುಭಾಗ ಬೇಕು. ಒಳಗಿನ ನೀರು ತಾನಾಗಿ ಬತ್ತಬೇಕು, ತಿರುಳು ಚಿಪ್ಪನ್ನು ಬಿಡಬೇಕು. ಹೊರಗಿನಿಂದ ನೋಡುವವನಿಗೆ ಅಷ್ಟು ದಿನವೂ ಅಲ್ಲಿ ಏನೂ ನಡೆಯುತ್ತಿರುವಂತೆ ಕಾಣದು. ಒಡೆಯುವುದು ಕ್ಷಣಮಾತ್ರದ ಕೆಲಸ. ಒಳಗೆ ಗಟ್ಟಿಯಾಗಿದೆಯೋ ಕೌಟಾಗಿದೆಯೋ ಎಂಬುದು ಆಗಲೇ ತಿಳಿಯುವುದು. ಒಡೆಯುವ ಕ್ಷಣವೇ ಕೊಬ್ಬರಿಯನ್ನು ಮಾಡಿತೆಂದು ಬಿಳಿಗೆರೆಯಲ್ಲಿ ಯಾರೂ ಹೇಳಲಾರರು.

4. ಪಟ್ಟಿಯಲ್ಲಿ ಕಾಣದ ಋತುಗಳು

2016ರ ಪಟ್ಟಿಯನ್ನು ಮಾತ್ರ ಓದಿದವನಿಗೆ ಆಥರ್ಟನ್ ಅಜೇಯರೆಂದು ತೋರುವುದು ಸಹಜ. ಅದರ ಹಿಂದುಮುಂದಿನ ವರ್ಷಗಳು ಬೇರೆಯ ಕತೆಯನ್ನು ಹೇಳುತ್ತವೆ. ವಿಶ್ವಚಾಂಪಿಯನ್ನರಾದ ಮರುವರ್ಷವೇ, 2009ರ ಜನವರಿಯಲ್ಲಿ, ಕ್ಯಾಲಿಫೋರ್ನಿಯದ ರಸ್ತೆಯೊಂದರಲ್ಲಿ ಸೈಕಲ್ ಅಭ್ಯಾಸ ಮಾಡುತ್ತಿದ್ದಾಗ ಎದುರಿನಿಂದ ಬಂದ ಮೋಟಾರುವಾಹನಕ್ಕೆ ಡಿಕ್ಕಿಯಾಗಿ ಅವರ ಭುಜಕ್ಕೆ ತೀವ್ರವಾದ ಪೆಟ್ಟಾಯಿತು. ಆ ಋತುವು ಅವರ ಪಾಲಿಗೆ ಇಲ್ಲವಾಯಿತು. ಎರಡನೆಯ ವಿಶ್ವಬಿರುದು ಬಂದುದು 2013ರಲ್ಲಿ, ಐದು ವರ್ಷಗಳ ತರುವಾಯ.

2016ರ ಮುಂದಿನ ವರ್ಷವನ್ನು ನೋಡೋಣ. 2017ರ ಮೊದಲನೆಯ ಸುತ್ತನ್ನೂ ಗೆದ್ದು, 2015ರಿಂದ ಎಡೆಬಿಡದೆ ಬಂದ ವಿಶ್ವಕಪ್ ಗೆಲುವುಗಳನ್ನು ಅವರು 14ಕ್ಕೆ ಏರಿಸಿದರು. ಎರಡನೆಯ ಸುತ್ತಾದ ಫೋರ್ಟ್ ವಿಲಿಯಂನಲ್ಲಿ ಬಿದ್ದು ಭುಜದ ಕೀಲು ತಪ್ಪಿತು. ಸರಣಿಯು ಅಲ್ಲಿಗೆ ಕಡಿಯಿತು. ಆ ವರ್ಷದ ವಿಶ್ವಚಾಂಪಿಯನ್‌ಷಿಪ್ಪಿಗಾಗಿ ಕೇರ್ನ್ಸ್‌ಗೆ ಹೋದಾಗ ಅಭ್ಯಾಸದಲ್ಲಿಯೇ ಕೊರಳೆಲುಬು ಮುರಿಯಿತು. ಹಿಂದಿನ ವರ್ಷ ಗೆಲುವನ್ನು ಕಂಡ ಎರಡು ಊರುಗಳೇ ಈ ವರ್ಷ ಅವರನ್ನು ಕೆಡಹಿದುವೆಂಬುದನ್ನು ಗಮನಿಸಬೇಕು. 2018ರಲ್ಲಿ ಅವರು ವಿಶ್ವಕಪ್ಪನ್ನೂ ವಿಶ್ವಬಿರುದನ್ನೂ ಮತ್ತೆ ಪಡೆದರು. 2019ರ ಜುಲೈನಲ್ಲಿ ಫ್ರಾನ್ಸಿನ ಲೆ ಜೆಯಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುಬಂಧವು ಹರಿದು, ಆ ಋತುವೂ ಅರ್ಧಕ್ಕೆ ನಿಂತಿತು. 2021ರಲ್ಲಿ ತಾಯಿಯಾದರು. 2023ರ ಜೂನಿನಲ್ಲಿ ಲೆಂಜರ್‌ಹೈಡೆಯ ವಿಶ್ವಕಪ್ ಸುತ್ತನ್ನು ಗೆದ್ದಾಗ, ಗಾಯಗೊಂಡು ಹಿಂದೆ ಸರಿದು ಸುಮಾರು ನಾಲ್ಕು ವರ್ಷಗಳಾಗಿದ್ದುವು.

ಭಗ್ನವಾದ ಈ ಋತುಗಳಿಗೂ ಅಖಂಡವಾದ 2016ಕ್ಕೂ ಸಂಬಂಧವಿಲ್ಲವೆನ್ನಲಾಗದು. ಬೀಳುವಿಕೆಗೆ ಅಂಜಿ ಬ್ರೇಕನ್ನು ತುಸು ಮುಂಚೆ ಹಿಡಿದರೆ ಸೆಕೆಂಡುಗಳು ಹೋಗುತ್ತವೆ. ಅಂಜದೆ ತುಸು ತಡವಾಗಿ ಹಿಡಿದರೆ ಋತುವೇ ಹೋದೀತು. ಎರಡರ ನಡುವಿನ ಗೆರೆಯು ಬಲು ಸಣ್ಣದು. ಅದರ ಮೇಲೆಯೇ ಎಂಟು ಸಲ ಎಂಟು ಬೇರೆಬೇರೆ ಬೆಟ್ಟಗಳಲ್ಲಿ ನಡೆದುಬಂದುದು 2016ರ ಸಾಧನೆ. ಆ ಗೆರೆ ಎಲ್ಲಿದೆಯೆಂಬ ಅರಿವನ್ನು ಕೊಟ್ಟುದರಲ್ಲಿ 2009ರ ಪೆಟ್ಟಿಗೂ ಪಾಲಿರಬೇಕೆಂದು ನಮ್ಮ ಅಭಿಪ್ರಾಯ.

5. ಚರಿತ್ರಕಾರನ ಪಾಲು

ಇನ್ನು ಕೊನೆಯ ಪ್ರಶ್ನೆ: ಇದರಲ್ಲಿ ಚರಿತ್ರಕಾರನಿಗೇನು ಕೆಲಸ? ಕರ್ಣಾಟಕದ ಚರಿತ್ರೆಯಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ರವಿಕೀರ್ತಿಯು ರಚಿಸಿದ ಐಹೊಳೆಯ ಶಾಸನವು ಶಕವರ್ಷ 556ಕ್ಕೆ, ಎಂದರೆ ಕ್ರಿ. ಶ. 634-35ಕ್ಕೆ ಸೇರಿದುದು. ಇಮ್ಮಡಿ ಪುಲಕೇಶಿಯ ಜಯಗಳನ್ನು, ಹರ್ಷನ ಮೇಲಿನ ಗೆಲುವನ್ನೂ ಸೇರಿಸಿ, ಅದು ಸಾಲಾಗಿ ಹೇಳುತ್ತದೆ. ಅದೊಂದನ್ನೇ ಓದಿದವನಿಗೆ ಪುಲಕೇಶಿಗೆ ಸೋಲೆಂಬುದೇ ಇಲ್ಲ. ಕೆಲವೇ ವರ್ಷಗಳ ತರುವಾಯ, ಸುಮಾರು 642ರಲ್ಲಿ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದ ಸಂಗತಿಯನ್ನು ತಿಳಿಯಬೇಕಾದರೆ ಪಲ್ಲವರ ಶಾಸನಗಳನ್ನು ನೋಡಬೇಕು. ಐಹೊಳೆಯ ಶಾಸನವು ಸುಳ್ಳಲ್ಲ, ಅದು ಪ್ರಶಸ್ತಿ. ಪ್ರಶಸ್ತಿಯು ತಾನು ಬರೆಯಲ್ಪಟ್ಟ ಗಳಿಗೆಯವರೆಗಿನ ಗೆಲುವನ್ನು ಮಾತ್ರ ಬಲ್ಲುದು.

ಕ್ರೀಡೆಯ ಫಲಿತಾಂಶಪಟ್ಟಿಯೂ ಒಂದು ಬಗೆಯ ಪ್ರಶಸ್ತಿಯೇ. ಯಾರು ಗೆದ್ದರು, ಎಷ್ಟು ಸೆಕೆಂಡುಗಳಲ್ಲಿ ಗೆದ್ದರು ಎಂಬುದನ್ನು ಅದು ಕರಾರುವಾಕ್ಕಾಗಿ ಹೇಳುತ್ತದೆ. ಹೊರಡುವ ಗೇಟಿಗೆ ಬರಲಾರದೆ ಆಸ್ಪತ್ರೆಯಲ್ಲಿ ಮಲಗಿದ್ದವರ ಹೆಸರು ಅದರಲ್ಲಿ ಇರುವುದೇ ಇಲ್ಲ. ಹಾಗಿಲ್ಲದ ಹೆಸರುಗಳನ್ನು ಬೇರೆ ವರ್ಷಗಳ ಪಟ್ಟಿಗಳೊಡನೆ ಹೋಲಿಸಿ ಕಂಡುಹಿಡಿಯುವುದು, ಗೆಲುವಿನ ಅಕ್ಕಪಕ್ಕದ ಖಾಲಿ ಜಾಗಗಳಿಗೆ ಅರ್ಥ ಹೇಳುವುದು ಚರಿತ್ರಕಾರನ ಕೆಲಸ. ಶಾಸನವನ್ನೋದಲು ಬೇಕಾದ ಎಚ್ಚರವೇ ಇಲ್ಲಿಯೂ ಬೇಕು. ಈ ಎಚ್ಚರವನ್ನು ವಿದ್ಯಾರ್ಥಿಗಳಿಗೆ ಕಲಿಸುವುದಕ್ಕೆ ರಾಜರ ಚರಿತ್ರೆಯೊಂದೇ ದಾರಿಯಲ್ಲ. ಅವರಿಗೆ ತಾವಾಗಿಯೇ ಕುತೂಹಲ ಹುಟ್ಟಿದ ವಿಷಯವಾದರೆ ಪಾಠವು ಹೆಚ್ಚು ಬೇಗ ನಾಟುತ್ತದೆಂಬುದನ್ನು ಅಧ್ಯಾಪಕರಾದ ನಾವು ಅನುಭವದಿಂದ ಕಂಡಿದ್ದೇವೆ.

ನಾಲ್ಕು ನಿಮಿಷಕ್ಕೆ ವರ್ಷದ ಸಂಬಳವೇ ಎಂದು ಕೇಳಿದ ವಿದ್ಯಾರ್ಥಿಗೆ ನಮ್ಮ ಉತ್ತರವಿಷ್ಟೆ: ಸಂಬಳವು ಅಟ್ಟದ ಮೇಲಿನ ವರ್ಷಕ್ಕೆ, ನಾಲ್ಕು ನಿಮಿಷವು ಕಾಯಿ ಒಡೆಯುವ ಹೊತ್ತು. ಒಡೆದ ಕಾಯಿಗಳಲ್ಲಿ ಕೆಲವು ಕೌಟಾಗಿಯೂ ಇರುತ್ತವೆ. ಅವನ್ನು ಲೆಕ್ಕದಿಂದ ಬಿಟ್ಟು ಆ ವರ್ಷದ ಬೆಳೆಯನ್ನು ವರ್ಣಿಸಿದರೆ ಅದು ಪ್ರಶಸ್ತಿಯಾದೀತೇ ಹೊರತು ಚರಿತ್ರೆಯಾಗದು.