ರಾಜ್ಯಗಳ ಎಲ್ಲೆ ಮತ್ತು ಸಂಸತ್ತಿನ ಅಧಿಕಾರ: ಕಾಂದಿವಲಿಯ ಕನ್ನಡಿಗರ ನೆಲೆಯಿಂದ

ಮುಂಬಯಿಯ ಉತ್ತರ ಭಾಗದ ಕಾಂದಿವಲಿಯಲ್ಲಿ 1956ರ ಅಕ್ಟೋಬರ್ ಕೊನೆಯವರೆಗೆ ನೆಲೆಸಿದ್ದ ಧಾರವಾಡ ಅಥವಾ ಬಿಜಾಪುರ ಮೂಲದ ಕನ್ನಡಿಗನಿಗೆ ಹುಟ್ಟಿದೂರೂ ವಾಸದ ಊರೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ನವೆಂಬರ್ 1ರಂದು ಅವನ ಹುಟ್ಟಿದೂರು ಮೈಸೂರು ರಾಜ್ಯಕ್ಕೆ ಸೇರಿತು. ವಾಸದ ಊರು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಮದರಾಸು ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಯೂ, ಕಾಸರಗೋಡು ತಾಲ್ಲೂಕನ್ನು ಬಿಟ್ಟು, ಅಂದೇ ಮೈಸೂರಿಗೆ ಸೇರಿತು. ಈ ಬದಲಾವಣೆಯನ್ನು ಮಾಡಿದುದು ಸಂಸತ್ತಿನ ಒಂದು ಕಾಯಿದೆ. ಆ ಅಧಿಕಾರದ ಸ್ವರೂಪವನ್ನೂ, ಎಲ್ಲೆಯಾಚೆ ಉಳಿದವರಿಗೆ ಸಂವಿಧಾನ ನೀಡಿದ ಭರವಸೆಯನ್ನೂ ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂವಿಧಾನದ 3ನೆಯ ಅನುಚ್ಛೇದದಂತೆ ಹೊಸ ರಾಜ್ಯವನ್ನು ರಚಿಸುವ, ಇರುವ ರಾಜ್ಯದ ಎಲ್ಲೆಯನ್ನಾಗಲಿ ಹೆಸರನ್ನಾಗಲಿ ಬದಲಿಸುವ ಅಧಿಕಾರ ಸಂಸತ್ತಿನದು. ಇಂತಹ ಮಸೂದೆಯನ್ನು ಮಂಡಿಸಲು ರಾಷ್ಟ್ರಪತಿಗಳ ಶಿಫಾರಸು ಬೇಕು. ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯಕ್ಕೂ ಮಸೂದೆಯನ್ನು ಕಳುಹಿಸಬೇಕು. ಆ ಅಭಿಪ್ರಾಯಕ್ಕೆ ಕಾಲಮಿತಿ ಗೊತ್ತುಪಡಿಸುವ ಅಧಿಕಾರವನ್ನು 1955ರ ಐದನೆಯ ತಿದ್ದುಪಡಿಯು ರಾಷ್ಟ್ರಪತಿಗಳಿಗೆ ಕೊಟ್ಟಿತು. 4ನೆಯ ಅನುಚ್ಛೇದವು ಇಂತಹ ಕಾಯಿದೆಯನ್ನು ಸಂವಿಧಾನದ ತಿದ್ದುಪಡಿಯೆಂದು ಪರಿಗಣಿಸಬಾರದೆನ್ನುತ್ತದೆ. ಆದುದರಿಂದ ಉಭಯ ಸದನಗಳ ಸರಳ ಬಹುಮತವೇ ಸಾಕು.

ರಾಜ್ಯದ ಅಭಿಪ್ರಾಯವನ್ನು ಕೇಳಬೇಕು, ಒಪ್ಪಬೇಕಾಗಿಲ್ಲ. ಇದಕ್ಕೆ ಮುಂಬಯಿಯೇ ಉತ್ತಮ ನಿದರ್ಶನ. 1956ರ ಮೂಲ ಮಸೂದೆಯಲ್ಲಿ ಮಹಾರಾಷ್ಟ್ರ, ಗುಜರಾತ್ ಮತ್ತು ಕೇಂದ್ರಾಡಳಿತದ ಮುಂಬಯಿ ಎಂಬ ಮೂರು ಘಟಕಗಳಿದ್ದವು. ಸಂಸತ್ತಿನಲ್ಲಿ ಅದು ಬದಲಾಗಿ ವಿಶಾಲ ದ್ವಿಭಾಷಾ ಮುಂಬಯಿ ರಾಜ್ಯವಾಯಿತು. ಬದಲಾದ ರೂಪವನ್ನು ರಾಜ್ಯದ ಶಾಸಕಾಂಗಕ್ಕೆ ಮತ್ತೆ ಕಳುಹಿಸಲಿಲ್ಲವೆಂಬ ಆಕ್ಷೇಪವು ಬಾಬುಲಾಲ್ ಪರಾತೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಪ್ರತಿಯೊಂದು ತಿದ್ದುಪಡಿಗೂ ಹೊಸದಾಗಿ ಅಭಿಪ್ರಾಯ ಕೇಳಬೇಕಾಗಿಲ್ಲವೆಂದು ನ್ಯಾಯಾಲಯವು 1959ರಲ್ಲಿ ತೀರ್ಪಿತ್ತಿತು. ಮರುವರ್ಷ ಸಂಸತ್ತು ಇದೇ ಅಧಿಕಾರದಿಂದ ಆ ರಾಜ್ಯವನ್ನು ವಿಭಜಿಸಿತು; 1960ರ ಮೇ 1ರಿಂದ ಕಾಂದಿವಲಿ ಮಹಾರಾಷ್ಟ್ರದ ಭಾಗವಾಯಿತು. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿದರೂ ಮುಂದಿನ ತಿಂಗಳು ಸಂಸತ್ತು ಅದನ್ನು ಅಂಗೀಕರಿಸಿದುದನ್ನು ಇಲ್ಲಿ ನೆನೆಯಬಹುದು.

ಎಲ್ಲೆಯಾಚೆ ಉಳಿದವರಿಗಾಗಿ ಸಂಸತ್ತು 1956ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ಎರಡು ಅನುಚ್ಛೇದಗಳನ್ನು ಸೇರಿಸಿತು. 350-ಎ ಅನುಚ್ಛೇದದಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು. ಈ ಬಗ್ಗೆ ರಾಷ್ಟ್ರಪತಿಗಳು ರಾಜ್ಯಗಳಿಗೆ ನಿರ್ದೇಶನ ನೀಡಬಹುದು. 350-ಬಿ ಅನುಚ್ಛೇದವು ವಿಶೇಷಾಧಿಕಾರಿಯೊಬ್ಬರ ನೇಮಕವನ್ನು ವಿಧಿಸುತ್ತದೆ. ಅವರ ವರದಿಗಳನ್ನು ಉಭಯ ಸದನಗಳ ಮುಂದಿಡಬೇಕು.

ಇಲ್ಲಿ ಗಮನಿಸಬೇಕಾದ ವೈಷಮ್ಯವೊಂದುಂಟು. ಎಲ್ಲೆಯನ್ನು ಬರೆಯಲು ಸರಳ ಬಹುಮತ ಸಾಕಾಯಿತು. ಭರವಸೆಯನ್ನು ಬರೆಯಲು ಸದನದ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ನೀಡಿದವರ ಮೂರರಲ್ಲಿ ಎರಡು ಪಾಲೂ ಬೇಕಾಯಿತು. ಆದರೆ ಪರಿಣಾಮದಲ್ಲಿ ಬಲ ತಿರುಗುಮುರುಗಾಗಿದೆ. ಎಲ್ಲೆ ಗೊತ್ತಾದ ದಿನದಂದು ತಾನಾಗಿಯೇ ಜಾರಿಗೆ ಬಂದಿತು. ಭರವಸೆಯಾದರೋ 'ಪ್ರಯತ್ನಿಸತಕ್ಕದ್ದು' ಎಂಬ ಕ್ರಿಯಾಪದದ ಮೇಲೆ ನಿಂತಿದೆ.

ಕಾಂದಿವಲಿಯು 1957ರಲ್ಲಿ ಬೃಹನ್ಮುಂಬಯಿ ನಗರಪಾಲಿಕೆಯ ಎಲ್ಲೆಯೊಳಗೆ ಬಂದಿತು. ಅಂದಿನಿಂದ ಅಲ್ಲಿಯ ಕನ್ನಡ ಮಕ್ಕಳ ಮಟ್ಟಿಗೆ 350-ಎ ಅನುಚ್ಛೇದದ 'ಸ್ಥಳೀಯ ಸಂಸ್ಥೆ' ಎಂದರೆ ಆ ಪಾಲಿಕೆಯೇ. ಪಾಲಿಕೆಯು ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿಕೊಂಡು ಬಂದಿರುವುದನ್ನು ಈ ಹಿನ್ನೆಲೆಯಲ್ಲಿ ಪರಿಭಾವಿಸಬೇಕು. ಹೊರನಾಡ ಕನ್ನಡಿಗರ ಅಧ್ಯಯನವು ಗಡಿವಿವಾದದ ಚರಿತ್ರೆಯಲ್ಲಿಯೇ ನಿಲ್ಲದೆ ವಿಶೇಷಾಧಿಕಾರಿಯ ವರದಿಗಳತ್ತಲೂ ಪಾಲಿಕೆಯ ಶಾಲಾ ದಾಖಲೆಗಳತ್ತಲೂ ಹೊರಳುವುದು ಅವಶ್ಯ. ಸಂಸತ್ತು ಕೊಟ್ಟ ಮಾತು ಎಷ್ಟರಮಟ್ಟಿಗೆ ನಡೆದಿದೆಯೆಂಬುದು ತಿಳಿಯುವುದು ಅಲ್ಲಿಯೇ.