ನೂರಾ ಎರಡು ರನ್ನುಗಳ ಆಚೆಗೆ

ಭಾರತ ತಂಡದ ಪಂದ್ಯವೊಂದು ಮುಗಿದ ಮರುದಿನ ಚನ್ನಗಿರಿಯ ಚಹದಂಗಡಿಗಳಲ್ಲಿ ಅದೇ ಪಂದ್ಯವನ್ನು ಮತ್ತೊಮ್ಮೆ ಮೊದಲಿನಿಂದ ಆಡಲಾಗುತ್ತದೆ. ಈ ಮರುಪಂದ್ಯದಲ್ಲಿ ಪ್ರತಿಯೊಬ್ಬನೂ ನಾಯಕ, ಪ್ರತಿಯೊಬ್ಬನೂ ಆಯ್ಕೆ ಸಮಿತಿಯ ಅಧ್ಯಕ್ಷ. ಹೊನ್ನಾಳಿ, ನ್ಯಾಮತಿಗಳಲ್ಲಿ ಸಂಜೆ ಮಂಡಕ್ಕಿ-ಮಿರ್ಚಿಯ ಸುತ್ತ ಕಲೆತವರಾಗಲಿ, ಜಗಳೂರಿನ ಕಡೆ ಮೆಕ್ಕೆಜೋಳದ ರಾಶಿಗೆ ಕಾವಲು ಕುಳಿತವರಾಗಲಿ, ಯಾವ ಓವರನ್ನು ಯಾರಿಗೆ ಕೊಡಬೇಕಾಗಿತ್ತೆಂಬುದನ್ನು ತೀರ್ಮಾನಿಸದೆ ಮೇಲೇಳುವುದಿಲ್ಲ. ಅಡಕೆ ಸುಲಿಯುವ ಮನೆಗಳಲ್ಲಂತೂ ಅಕ್ಟೋಬರ್-ನವೆಂಬರ್ ತಿಂಗಳ ಹೊನಲು ಬೆಳಕಿನ ಪಂದ್ಯಗಳು ಕೆಲಸದ ಜೊತೆಗೇ ಸಾಗುತ್ತವೆ. ಕೈ ಅಡಕೆಯ ಮೇಲೆ, ಕಣ್ಣು ದೂರದರ್ಶನದ ಮೇಲೆ. ಅಲ್ಲಿ ಹೆಣ್ಣುಮಕ್ಕಳು ನೀಡುವ ತೀರ್ಪು ಗಂಡಸರದಕ್ಕಿಂತ ಖಚಿತವಾಗಿರುವುದುಂಟು.

ಈ ಚರ್ಚಾಪ್ರೀತಿ ಇಂದಿನದಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರೂಪುಗೊಳ್ಳುವ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. ಆ ಕಾಲದಲ್ಲಿ ಬಾನುಲಿಯೇ ಮೈದಾನ. ಹಿಂದಿ, ಇಂಗ್ಲಿಷ್ ವೀಕ್ಷಕ ವಿವರಣೆ ಪೂರ್ತಿ ಅರ್ಥವಾಗದಿದ್ದರೂ ಪ್ರೇಕ್ಷಕರ ಕೂಗಿನ ಏರಿಳಿತದಿಂದಲೇ ಚೆಂಡು ಎಲ್ಲಿಗೆ ಹೋಯಿತೆಂದು ಊಹಿಸುತ್ತಿದ್ದ ಹಿರಿಯರು ನಮ್ಮಲ್ಲಿ ಅನೇಕರಿದ್ದರು. ಅವರ ಆಸಕ್ತಿಗೆ ಒಂದು ವಿಶೇಷ ಕಾರಣವೂ ಇತ್ತು. ಚನ್ನಗಿರಿಗೆ ನೆರೆಯಾದ ಭದ್ರಾವತಿಯಲ್ಲಿ 1949ರ ಫೆಬ್ರುವರಿ 12ರಂದು ಜನಿಸಿದ ಗುಂಡಪ್ಪ ವಿಶ್ವನಾಥ್ ಅವರು ಭಾರತಕ್ಕೆ ಆಡುತ್ತಿದ್ದರು. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಅವರು ಗಳಿಸಿದ್ದು ಸೊನ್ನೆ. ಎರಡನೆಯ ಸರದಿಯಲ್ಲಿ 137. ಟೆಸ್ಟ್ ಪಂದ್ಯದಲ್ಲಿ ಎರಡನೆಯ ಸರದಿಯೆಂಬುದು ಇರುವುದರಿಂದ ಅವರು ಉಳಿದರು ಎಂದರೆ ತಪ್ಪಾಗಲಾರದು. ಮುಂದೆ ಅವರು 91 ಟೆಸ್ಟುಗಳಲ್ಲಿ 6080 ರನ್ ಗಳಿಸಿದುದು ಇತಿಹಾಸ.

ವಿಶ್ವನಾಥ್ ಅವರ ಜನ್ಮದಿನದಂದೇ, ಅಂದರೆ 1984ರ ಫೆಬ್ರುವರಿ 12ರಂದು, ದಾವಣಗೆರೆಯಲ್ಲಿ ಇನ್ನೊಬ್ಬ ಆಟಗಾರ ಜನಿಸಿದರು. ಆಟೋ ಚಾಲಕರ ಮಗನಾದ ಆರ್. ವಿನಯ್ ಕುಮಾರ್ ಅವರಿಗೆ ಎರಡನೆಯ ಸರದಿ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ದೊರೆಯಲಿಲ್ಲ. ದೊರೆತದ್ದು ಬೇರೊಂದು ಕಡೆ. ಅದು ನಮ್ಮ ಭಾಗದ ಅಭಿಮಾನಿಗಳಿಗೆ ಇಂದಿಗೂ ಸರಿಯಾಗಿ ತಿಳಿದಿಲ್ಲವೆಂಬುದೇ ಈ ಲೇಖನಕ್ಕೆ ಕಾರಣ.

ಅವರ ಅಂತರರಾಷ್ಟ್ರೀಯ ಆಟದ ಲೆಕ್ಕ ಬಹಳ ಉದ್ದದ್ದಲ್ಲ. 2010ರಲ್ಲಿ ಟಿ-20 ಮತ್ತು ಏಕದಿನ ಪಂದ್ಯಗಳಿಗೆ ಪಾದಾರ್ಪಣೆ. 2011ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ಇಂಗ್ಲೆಂಡಿನ ವಿರುದ್ಧ 30 ರನ್ನುಗಳಿಗೆ 4 ವಿಕೆಟ್. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಏಕೈಕ ಟೆಸ್ಟ್. ಡೇವಿಡ್ ವಾರ್ನರ್ 69 ಎಸೆತಗಳಲ್ಲಿ ಶತಕ ಬಾರಿಸಿದ ಆ ಪಂದ್ಯದಲ್ಲಿ ವಿನಯ್ 13 ಓವರುಗಳಲ್ಲಿ 73 ರನ್ ನೀಡಿ ಒಂದು ವಿಕೆಟ್ ಪಡೆದರು. ವಿಶ್ವದ ಉತ್ತಮ ದಾಂಡಿಗರನ್ನು ಬೆದರಿಸುವಷ್ಟು ವೇಗ ಅವರಲ್ಲಿರಲಿಲ್ಲವೆಂಬ ಟೀಕೆಯಲ್ಲಿ ಹುರುಳಿಲ್ಲವೆನ್ನಲಾಗದು. ಅವರ ಬಲವಿದ್ದುದು ಚೆಂಡಿನ ಹೊಲಿಗೆಯನ್ನು ನೆಟ್ಟಗೆ ಹಿಡಿದು ಗಾಳಿಯಲ್ಲಿ ಅದನ್ನು ಹೊರಳಿಸುವ ಕೌಶಲದಲ್ಲಿ, ಒಂದೇ ಜಾಗಕ್ಕೆ ದಿನವಿಡೀ ಎಸೆಯುವ ತಾಳ್ಮೆಯಲ್ಲಿ.

ಈ ತಾಳ್ಮೆಗೆ ಬೆಲೆಯೇ ಇಲ್ಲದ ರಾತ್ರಿಯೊಂದು ಬಂದಿತು. 2013ರ ನವೆಂಬರ್ 2, ನರಕ ಚತುರ್ದಶಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ವಿರುದ್ಧ ಸರಣಿಯ ಏಳನೆಯ ಹಾಗೂ ನಿರ್ಣಾಯಕ ಪಂದ್ಯ. ರೋಹಿತ್ ಶರ್ಮಾ 16 ಸಿಕ್ಸರುಗಳೊಂದಿಗೆ 209 ರನ್ ಬಾರಿಸಿ ಭಾರತದ ಮೊತ್ತವನ್ನು 383ಕ್ಕೆ ಒಯ್ದರು. ಉತ್ತರವಾಗಿ ಆಸ್ಟ್ರೇಲಿಯ 326 ರನ್ ಗಳಿಸಿತು. ಜೇಮ್ಸ್ ಫಾಕ್ನರ್ 57 ಎಸೆತಗಳಲ್ಲಿ ಶತಕ ಪೂರೈಸಿದರು. ಎರಡೂ ತಂಡಗಳು ಸೇರಿ ಹೊಡೆದ ಸಿಕ್ಸರುಗಳು 38. ಏಕದಿನ ಕ್ರಿಕೆಟ್ಟಿನಲ್ಲಿ ಅದು ಅಂದಿಗೆ ದಾಖಲೆ. ಭಾರತ 57 ರನ್ನುಗಳಿಂದ ಗೆದ್ದು ಸರಣಿಯನ್ನು ತನ್ನದಾಗಿಸಿಕೊಂಡಿತು. ಆದರೆ ವಿನಯ್ ಕುಮಾರ್ ಅವರ 9 ಓವರುಗಳಲ್ಲಿ 102 ರನ್ನುಗಳು ಸೋರಿಹೋಗಿದ್ದವು. ಅದೂ ತವರು ಮೈದಾನದಲ್ಲಿ, ತಮ್ಮವರೇ ತುಂಬಿದ್ದ ಪ್ರೇಕ್ಷಕ ಸಮುದಾಯದೆದುರು. ಏಕದಿನ ಪಂದ್ಯದಲ್ಲಿ ನೂರಕ್ಕಿಂತ ಹೆಚ್ಚು ರನ್ ನೀಡಿದ ಮೊದಲ ಭಾರತೀಯ ಬೌಲರ್ ಎಂಬ ಹೆಸರು ಅವರಿಗಂಟಿತು. ಗೆದ್ದ ಪಂದ್ಯದಲ್ಲಿ ಸೋತವರೊಬ್ಬರು ಬೇಕಾಗಿದ್ದರೆಂಬಂತೆ ದೇಶದಾದ್ಯಂತ ಮೊಬೈಲುಗಳಲ್ಲಿ ಅವರನ್ನು ಕುರಿತ ಹಾಸ್ಯದ ಸಂದೇಶಗಳು ಹರಿದಾಡಿದವು. ಎಲ್ಲಿಂದಲೋ ಹುಟ್ಟಿದ ಆ ನಗೆಯನ್ನು ಅವರ ಊರಿನ ಜಿಲ್ಲೆಯವರೂ ಪರಸ್ಪರ ಹಂಚಿಕೊಂಡರೆಂಬುದು ಬೇಸರದ ಸಂಗತಿ.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. 2011ರಿಂದ ಏಕದಿನ ಪಂದ್ಯಗಳಲ್ಲಿ ಎರಡೂ ತುದಿಯಿಂದ ಒಂದೊಂದು ಹೊಸ ಚೆಂಡು ಬಳಸುವ ನಿಯಮ ಬಂದಿತ್ತು. ಆದುದರಿಂದ ಐವತ್ತು ಓವರ್ ಮುಗಿದರೂ ಯಾವ ಚೆಂಡೂ ಇಪ್ಪತ್ತೈದು ಓವರಿಗಿಂತ ಹಳತಾಗುತ್ತಿರಲಿಲ್ಲ. ಕೊನೆಯ ಓವರುಗಳಲ್ಲಿ ಹಳೆಯ ಚೆಂಡಿನಿಂದ ದಾಂಡಿಗನನ್ನು ಕಟ್ಟಿಹಾಕುವ ವಿದ್ಯೆ ಕೈಬಿಟ್ಟುಹೋಯಿತು. 2012ರ ಕೊನೆಯಲ್ಲಿ ಇನ್ನೊಂದು ನಿಯಮ ಸೇರಿತು: ವೃತ್ತದ ಹೊರಗೆ ನಾಲ್ವರಿಗಿಂತ ಹೆಚ್ಚು ಕ್ಷೇತ್ರರಕ್ಷಕರನ್ನು ನಿಲ್ಲಿಸುವಂತಿಲ್ಲ. ಎಂದರೆ ಬೌಲರ್ ಎಲ್ಲಿಗೆ ಎಸೆದರೂ ಯಾವುದೋ ಒಂದು ದಿಕ್ಕು ತೆರೆದೇ ಇರುತ್ತಿತ್ತು. ಚಿನ್ನಸ್ವಾಮಿಯ ಗಡಿಗೆರೆಗಳು ಬಹಳ ಹತ್ತಿರ, ಅಲ್ಲಿಯ ಪಿಚ್ಚು ದಾಂಡಿಗರ ಮಿತ್ರ. ಆ ಸರಣಿಯಲ್ಲಿ ಪೆಟ್ಟು ತಿಂದವರು ವಿನಯ್ ಒಬ್ಬರೇ ಅಲ್ಲ. ಜೈಪುರದಲ್ಲಿ ಭಾರತ 360 ರನ್ನುಗಳ ಗುರಿಯನ್ನು ಕೇವಲ ಒಂದು ವಿಕೆಟ್ ಕಳೆದುಕೊಂಡು ದಾಟಿತ್ತು. ನಾಗಪುರದಲ್ಲಿ 351ರ ಗುರಿಯೂ ನಿಲ್ಲಲಿಲ್ಲ. ಮೊಹಾಲಿಯಲ್ಲಿ ಇಶಾಂತ್ ಶರ್ಮಾ ಅವರ ಒಂದೇ ಓವರಿನಲ್ಲಿ ಫಾಕ್ನರ್ 30 ರನ್ ದೋಚಿದ್ದರು. ಬೌಲರುಗಳಿಗೆ ಇದು ಅನ್ಯಾಯವೆಂದು ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆಗೂ ಅನ್ನಿಸಿರಬೇಕು. 2015ರಲ್ಲಿ ಕೊನೆಯ ಹತ್ತು ಓವರುಗಳಿಗೆ ಐವರನ್ನು ಹೊರಗೆ ನಿಲ್ಲಿಸಲು ಅದು ಅವಕಾಶ ನೀಡಿತು. 2025ರಲ್ಲಿ ಎರಡು ಚೆಂಡುಗಳ ನಿಯಮವನ್ನೂ ಬದಲಿಸಿ, 34 ಓವರುಗಳ ನಂತರ ಒಂದೇ ಚೆಂಡನ್ನು ಬಳಸಬೇಕೆಂದಿತು. ನಿಯಮ ತಿದ್ದಿಕೊಂಡಿತು, ಆ ನಿಯಮದಡಿ ಬರೆಯಲ್ಪಟ್ಟ ಅಂಕಿಗಳು ಹಾಗೆಯೇ ಉಳಿದವು.

ನೂರರ ಗಡಿ ದಾಟಿದ ಇತರ ಬೌಲರುಗಳ ಕತೆಗಳೂ ಒಂದೇ ರೀತಿಯಲ್ಲಿ ಮುಗಿದಿಲ್ಲ. 2006ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ 113 ರನ್ ನೀಡಿದ ಆಸ್ಟ್ರೇಲಿಯದ ಮಿಕ್ ಲೂಯಿಸ್ ಮತ್ತೆಂದೂ ಏಕದಿನ ಪಂದ್ಯ ಆಡಲಿಲ್ಲ. 2015ರಲ್ಲಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 106 ರನ್ ನೀಡಿದ ಭುವನೇಶ್ವರ್ ಕುಮಾರ್ ಅದಾದ ಮೇಲೂ ಅನೇಕ ವರ್ಷ ಭಾರತದ ನೆಚ್ಚಿನ ಬೌಲರ್ ಆಗಿದ್ದರು. 2023ರ ಸೆಪ್ಟೆಂಬರಿನಲ್ಲಿ ಆಡಮ್ ಜಂಪಾ ವಿಕೆಟ್ಟೇ ಇಲ್ಲದೆ 113 ರನ್ ನೀಡಿದರು. ಆದರೆ ಎರಡೇ ತಿಂಗಳುಗಳಲ್ಲಿ ಅದೇ ಜಂಪಾ ವಿಶ್ವಕಪ್ಪಿನಲ್ಲಿ 23 ವಿಕೆಟ್ ಪಡೆದು ಚಾಂಪಿಯನ್ ತಂಡದ ಸದಸ್ಯರಾದರು. ಒಬ್ಬರನ್ನು ಕೈಬಿಟ್ಟ ಆಯ್ಕೆದಾರರು ಇನ್ನೊಬ್ಬರನ್ನು ಹಿಡಿದು ನಿಲ್ಲಿಸಿದರು ಎಂಬುದಷ್ಟೇ ವ್ಯತ್ಯಾಸ. ವಿನಯ್ ಅವರ ಪಾಲಿಗೆ ಬೆಂಗಳೂರಿನ ಆ ಪಂದ್ಯ 31ನೆಯ ಹಾಗೂ ಕೊನೆಯ ಏಕದಿನ ಪಂದ್ಯವಾಯಿತು.

ಬಹುಪಾಲು ಅಭಿಮಾನಿಗಳ ನೆನಪು ಇಲ್ಲಿಗೆ ನಿಲ್ಲುತ್ತದೆ. ಆದರೆ ವಾಚಕರು ಇನ್ನೊಂದು ದಿನಾಂಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2014ರ ಫೆಬ್ರುವರಿ 2, ಅಂದರೆ ಸರಿಯಾಗಿ ಮೂರು ತಿಂಗಳ ನಂತರ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್ಟುಗಳಿಂದ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿಯನ್ನು ಎತ್ತಿಹಿಡಿಯಿತು. ನಾಯಕ ವಿನಯ್ ಕುಮಾರ್. 1998-99ರ ನಂತರ ಹದಿನೈದು ವರ್ಷ ಆ ಟ್ರೋಫಿ ನಮ್ಮ ನಾಡಿಗೆ ಬಂದಿರಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬಯಿಯ ವಿರುದ್ಧ ಕೇವಲ ಆರು ರನ್ನುಗಳಿಂದ ಅದು ಕೈತಪ್ಪಿದಾಗ ಸೋತ ತಂಡದಲ್ಲಿ ವಿನಯ್ ಅವರೂ ಇದ್ದರು. ಅಷ್ಟು ದೊಡ್ಡ ಅವಮಾನದ ಮೂರು ತಿಂಗಳಲ್ಲಿ ಒಬ್ಬ ವ್ಯಕ್ತಿ ಹನ್ನೊಂದು ಜನರನ್ನು ಮುನ್ನಡೆಸಿ ಇಷ್ಟನ್ನು ಸಾಧಿಸಲು ಎಷ್ಟು ಮನೋಬಲ ಬೇಕೆಂಬುದನ್ನು ಚಹದಂಗಡಿಯ ನಾವು ಯಾರೂ ಚರ್ಚಿಸಲಿಲ್ಲ.

ಮರುವರ್ಷದ ಕತೆ ಇನ್ನೂ ಸ್ವಾರಸ್ಯಕರ. 2015ರ ಮಾರ್ಚಿನಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ತಮಿಳುನಾಡಿನ ವಿರುದ್ಧ ಅಂತಿಮ ಪಂದ್ಯ. ಮೊದಲ ದಿನವೇ ವಿನಯ್ 34 ರನ್ನುಗಳಿಗೆ 5 ವಿಕೆಟ್ ಕಿತ್ತು ಎದುರಾಳಿಯನ್ನು 134ಕ್ಕೆ ಕೆಡವಿದರು. ಕರ್ನಾಟಕವೂ 84 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸಿತು. ಆಗ ಕರುಣ್ ನಾಯರ್ ಮತ್ತು ಕೆ.ಎಲ್. ರಾಹುಲ್ ಆರನೆಯ ವಿಕೆಟ್ಟಿಗೆ 386 ರನ್ ಸೇರಿಸಿದರು. ಕರುಣ್ 328, ರಾಹುಲ್ 188. ಅವರ ಹಿಂದೆ ಬಂದ ನಾಯಕ ಅಜೇಯ 105! ಮೊತ್ತ 762. ಇನಿಂಗ್ಸ್ ಮತ್ತು 217 ರನ್ನುಗಳ ಜಯ. ಆ ಎರಡೂ ಋತುಗಳಲ್ಲಿ ರಣಜಿಯ ಜೊತೆಗೆ ಇರಾನಿ ಕಪ್ ಮತ್ತು ವಿಜಯ್ ಹಜಾರೆ ಟ್ರೋಫಿಗಳೂ ಕರ್ನಾಟಕಕ್ಕೇ ದಕ್ಕಿದವು.

ಇಷ್ಟಾದರೂ ಜಗಳೂರಿನ ಹುಡುಗನೊಬ್ಬನನ್ನು ವಿನಯ್ ಕುಮಾರ್ ಯಾರೆಂದು ಕೇಳಿದರೆ ಅವನ ಬಾಯಿಗೆ ಮೊದಲು ಬರುವುದು 102. ತಪ್ಪು ಹುಡುಗನದಲ್ಲ. ಅಂತರರಾಷ್ಟ್ರೀಯ ಪಂದ್ಯದ ಸುದ್ದಿ ಪತ್ರಿಕೆಯ ಪುಟವನ್ನೆಲ್ಲ ನುಂಗಿದ ಮೇಲೆ ರಣಜಿಗೆ ಉಳಿಯುವುದು ಮೂಲೆಯ ನಾಲ್ಕು ಸಾಲು. 2025ರ ಜನವರಿಯಲ್ಲಿ ವಿರಾಟ್ ಕೊಹ್ಲಿ ದೆಹಲಿಯ ಪರ ರಣಜಿ ಪಂದ್ಯ ಆಡಲು ಇಳಿದಾಗ ಸಾವಿರಾರು ಜನ ಮುಗಿಬಿದ್ದರಲ್ಲವೆ? ಅವರು ಬಂದದ್ದು ಕೊಹ್ಲಿಯವರನ್ನು ನೋಡಲು, ರಣಜಿಯನ್ನು ನೋಡಲಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಇಲ್ಲಿಯ ಮಕ್ಕಳು ಆಡುವುದು ಟೆನಿಸ್ ಚೆಂಡಿನಲ್ಲಿ, ಶಾಲೆಯ ಬಯಲಿನಲ್ಲಿ, ಕೊಯ್ಲು ಮುಗಿದ ಹೊಲದಲ್ಲಿ. ಸಾಮಾನ್ಯ ಟೆನಿಸ್ ಚೆಂಡಿನ ತೂಕ ಸುಮಾರು 58 ಗ್ರಾಂ. ಚರ್ಮದ ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ. ತೂಕದ ಮಾತು ಹಾಗಿರಲಿ, ಟೆನಿಸ್ ಚೆಂಡಿಗೆ ಹೊಲಿಗೆಯಿಲ್ಲ. ವಿನಯ್ ಅವರ ವಿದ್ಯೆಯೆಲ್ಲ ಇದ್ದುದು ಆ ಹೊಲಿಗೆಯಲ್ಲಿ. ಅದನ್ನು ಕಲಿಯಬೇಕಾದರೆ ಹುಡುಗ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು ಹಿಡಿಯಬೇಕು, ಪ್ಯಾಡು ಗ್ಲೌಸುಗಳಿಗೆ ಹಣ ಹೊಂದಿಸಬೇಕು, ಮುಂದೆ ಬೆಂಗಳೂರಿನಲ್ಲಿ ನೆಲೆ ಹುಡುಕಬೇಕು. ಮಳೆ ಕೈಕೊಟ್ಟ ವರ್ಷ ಒಣಭೂಮಿಯ ರೈತನಿಗೆ ಇದು ಸಣ್ಣ ವೆಚ್ಚವಲ್ಲ. ಅಷ್ಟೆಲ್ಲ ಮಾಡಿ ಮೇಲೇರಿದವನನ್ನು ಒಂದು ರಾತ್ರಿಯ ಒಂಬತ್ತು ಓವರುಗಳಿಂದ ಅಳೆದು ನಗುವ ತಂದೆಯನ್ನು ನೋಡಿದ ಮಗನಿಗೆ ಆ ಬಸ್ಸು ಹತ್ತಲು ಧೈರ್ಯ ಎಲ್ಲಿಂದ ಬರಬೇಕು? ಭಾರತ ತಂಡಕ್ಕೆ ಸೇರುವುದೊಂದೇ ಗುರಿಯೆಂದು ಹೇಳುವವರಿಗಿಂತ, ರಣಜಿಯಲ್ಲಿ ಹದಿನೈದು ವರ್ಷ ದುಡಿಯುವುದೂ ಒಂದು ಬಾಳುವೆಯೆಂದು ಹೇಳುವ ಹಿರಿಯರು ಆ ಹುಡುಗನಿಗೆ ಹೆಚ್ಚು ಉಪಕಾರ ಮಾಡುತ್ತಾರೆ.

ಆ ದುಡಿಮೆಯ ಒಂದು ದಿನವನ್ನು ಇಲ್ಲಿ ಹೇಳಬಹುದು. 2017ರ ಡಿಸೆಂಬರ್; ನಾಗಪುರದಲ್ಲಿ ರಣಜಿ ಕ್ವಾರ್ಟರ್ ಫೈನಲ್; ಎದುರಾಳಿ ಮುಂಬಯಿ. ವಿನಯ್ ಅವರಿಗೆ ಆಗ ಮೂವತ್ಮೂರು ವರ್ಷ. ಅದು ಅವರ ನೂರನೆಯ ರಣಜಿ ಪಂದ್ಯ. ಆರಂಭದ ಓವರುಗಳಲ್ಲೇ ಪೃಥ್ವಿ ಷಾ ಅವರಿಂದ ಮೊದಲುಗೊಂಡು ಮೂವರನ್ನು ಸತತ ಮೂರು ಎಸೆತಗಳಲ್ಲಿ ಹಿಂದಕ್ಕೆ ಕಳುಹಿಸಿ ಹ್ಯಾಟ್ರಿಕ್ ಸಾಧಿಸಿದರು; 34 ರನ್ನುಗಳಿಗೆ 6 ವಿಕೆಟ್ ಪಡೆದರು. ಮುಂಬಯಿ 173ಕ್ಕೆ ಕುಸಿಯಿತು. ಮೈಸೂರಿನ ಆ ಆರು ರನ್ನುಗಳನ್ನು ನೆನೆದವರು ಅಂದು ಎಷ್ಟು ಮಂದಿಯೋ! ಕರ್ನಾಟಕ ಇನಿಂಗ್ಸ್ ಜಯ ಗಳಿಸಿತು.

2021ರ ಫೆಬ್ರುವರಿ 26ರಂದು ಅವರು ನಿವೃತ್ತಿ ಘೋಷಿಸಿದಾಗ ಪ್ರಥಮ ದರ್ಜೆಯಲ್ಲಿ 139 ಪಂದ್ಯಗಳು, 504 ವಿಕೆಟ್ಟುಗಳು ಅವರ ಹೆಸರಿನಲ್ಲಿದ್ದವು. ಜನ ತಮ್ಮನ್ನು ಪ್ರೀತಿಯಿಂದ 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಕರೆಯುತ್ತಿದ್ದುದನ್ನು ನೆನೆದು, ಇಪ್ಪತ್ತೈದು ವರ್ಷ ಓಡಿದ ಆ ಗಾಡಿ ನಿವೃತ್ತಿಯೆಂಬ ನಿಲ್ದಾಣವನ್ನು ತಲುಪಿದೆಯೆಂದು ಅವರು ತಿಳಿಸಿದರು.