ಮನೆಯ ಸರ್ವರ್ ಪೆಟ್ಟಿಗೆಯಲ್ಲಿ ಗಾಳಿಯ ಸಂಚಾರ

ಹಿಂದಿನವರು ಮನೆತನದ ಪಟಗಳನ್ನೂ ಪತ್ರಗಳನ್ನೂ ಮರದ ಪೆಟ್ಟಿಗೆಯಲ್ಲಿಟ್ಟು, ಗೆದ್ದಲು ಹತ್ತದಂತೆ ಆಗಾಗ ತೆಗೆದು ಬಿಸಿಲಿಗೆ ಹಾಕುತ್ತಿದ್ದರು. ಈಗ ಆ ಸ್ಥಾನಕ್ಕೆ ಹಾರ್ಡ್ ಡಿಸ್ಕ್ ಬಂದಿದೆ. ದೂರದೇಶದಲ್ಲಿರುವ ಮಗಳು ಕಳುಹಿದ ಮೊಮ್ಮಗುವಿನ ಚಿತ್ರಗಳು, ಗತಿಸಿದ ಹಿರಿಯರ ಧ್ವನಿ, ಪಹಣಿಯ ಪ್ರತಿ, ಶಾಲೆಯ ದಿನಗಳ ಗುಂಪುಚಿತ್ರ ಇವೆಲ್ಲವನ್ನೂ ಒಂದೆಡೆ ಕೂಡಿಡಲು ಕೆಲವು ಮನೆಗಳಲ್ಲಿ ಸರ್ವರ್ ಎಂಬ ಚಿಕ್ಕ ಯಂತ್ರವನ್ನು ಹಗಲಿರುಳೂ ನಡೆಯಿಸುತ್ತಾರೆ. ಈ ಪೆಟ್ಟಿಗೆಗೆ ಗೆದ್ದಲಿನ ಭಯವಿಲ್ಲ, ಆದರೆ ಉಷ್ಣದ ಭಯವುಂಟು. ಅದನ್ನು ನಿವಾರಿಸುವ ಬಗೆಯನ್ನು ಪೂರ್ವವಿದ್ಯಾರ್ಥಿನಿಯರೂ ತಾಯಿತಂದೆಗಳೂ ತಿಳಿದಿರುವುದು ಒಳ್ಳೆಯದು.

೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಹೊರತಂದ ಮೊದಲನೆಯ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ ೫೦ ತಟ್ಟೆಗಳಿದ್ದುವು. ಅಷ್ಟು ದೊಡ್ಡ ಯಂತ್ರವು ಹಿಡಿಯುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಡಿಸ್ಕು ಅಂಗೈಯಗಲದ್ದು. ಅದರೊಳಗೆ ಅಲ್ಯೂಮಿನಿಯಂ ಇಲ್ಲವೆ ಗಾಜಿನ ತಟ್ಟೆಗಳು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುವುವು. ತಿರುಗಿಸುವ ಮೋಟಾರಿನಿಂದಲೂ ವಿದ್ಯುತ್ ಫಲಕದಿಂದಲೂ ಶಾಖವು ಹುಟ್ಟುತ್ತಲೇ ಇರುವುದು. ಒಂದೊಂದು ಡಿಸ್ಕಿನಿಂದ ಹೊರಡುವ ಶಾಖವು ಸುಮಾರು ೫ರಿಂದ ೮ ವ್ಯಾಟ್. ಇದು ಅಲ್ಪವೆಂದು ತೋರಬಹುದು. ಆದರೆ ನಾಲ್ಕು ಡಿಸ್ಕುಗಳನ್ನು ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಜೋಡಿಸಿದಾಗ ಹೊರಹೋಗಲು ದಾರಿಯಿಲ್ಲದೆ ಶಾಖವು ಅಲ್ಲಿಯೇ ನಿಲ್ಲುವುದು.

ನಮ್ಮ ಸೀಮೆಯ ಹವೆಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಿತ್ರದುರ್ಗ, ಹಿರಿಯೂರುಗಳಲ್ಲಿ ಏಪ್ರಿಲ್ ತಿಂಗಳ ಹಗಲಿನ ಉಷ್ಣತೆಯು ೩೫ ಡಿಗ್ರಿ ಸೆಲ್ಸಿಯಸನ್ನು ಮೀರುವುದು ಸಾಮಾನ್ಯ. ಮಳೆಗಾಲದ ಬೀಸುಗಾಳಿಯು ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವಂತೆಯೇ ಮನೆಯೊಳಕ್ಕೆ ಧೂಳನ್ನೂ ತರುವುದು. ಬಿಸಿಲೂ ಧೂಳೂ ಕೂಡಿದ ಈ ನಾಡಿನಲ್ಲಿ, ತಂಪುದೇಶದವರ ಪೆಟ್ಟಿಗೆಯನ್ನು ತಂದು ಹಾಗೆಯೇ ಇಟ್ಟರೆ ಸಾಲದು.

ಒಂದು ಲೆಕ್ಕವನ್ನು ನೋಡೋಣ. ನಾಲ್ಕು ಡಿಸ್ಕುಗಳಿಂದ ಒಟ್ಟು ೨೮ ವ್ಯಾಟ್ ಶಾಖವು ಹೊರಡುವುದೆಂದು ಭಾವಿಸಿರಿ. ಅವುಗಳ ನಡುವೆ ಸೆಕೆಂಡಿಗೆ ೨ ಲೀಟರ್ ಗಾಳಿ ಮಾತ್ರ ಹಾದರೆ ಆ ಗಾಳಿಯು ಸುಮಾರು ೧೩ ಡಿಗ್ರಿ ಬಿಸಿಯಾಗುವುದು. ೧೦ ಲೀಟರ್ ಹಾದರೆ ೩ ಡಿಗ್ರಿಗಿಂತಲೂ ಕಡಮೆ. ಕೋಣೆಯು ೩೬ ಡಿಗ್ರಿ ಇದ್ದಾಗ ಮೊದಲನೆಯ ಪಕ್ಷದಲ್ಲಿ ಗಾಳಿಯೇ ೪೯ ಡಿಗ್ರಿಗೆ ಬರುವುದು. ಡಿಸ್ಕು ಅದಕ್ಕಿಂತಲೂ ಬಿಸಿಯಾಗಿರುವುದು. ತಯಾರಕರು ಅನೇಕ ಡಿಸ್ಕುಗಳಿಗೆ ವಿಧಿಸಿರುವ ಮೇರೆ ೬೦ ಡಿಗ್ರಿ. ಆದುದರಿಂದ ಕೋಣೆಯ ಗಾಳಿಯನ್ನು ತಣಿಸುವುದಕ್ಕಿಂತ ಮೊದಲು, ಇರುವ ಗಾಳಿಯನ್ನೇ ಡಿಸ್ಕುಗಳ ನಡುವೆ ಹಾಯಿಸುವುದು ನಮ್ಮ ಕೆಲಸ.

ಹೊಸದುರ್ಗದ ಕಡೆ ಉಂಡೆ ಕೊಬ್ಬರಿಗೆಂದು ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುವುದನ್ನು ನೀವು ಬಲ್ಲಿರಿ. ಅಟ್ಟದ ದಬ್ಬೆಗಳ ನಡುವೆ ಸಂದು ಬಿಟ್ಟಿರುವುದು ಕೆಳಗಿನಿಂದ ಗಾಳಿಯಾಡಲೆಂದೇ. ಡಿಸ್ಕುಗಳಿಗೂ ಇದೇ ನ್ಯಾಯ. ಪೆಟ್ಟಿಗೆಯಲ್ಲಿ ಸ್ಥಳವಿದ್ದರೆ ಎರಡು ಡಿಸ್ಕುಗಳ ನಡುವೆ ಒಂದು ಬೆರಳಿನಷ್ಟಾದರೂ ಸಂದು ಬಿಡಬೇಕು. ಕೇಬಲುಗಳು ಆ ಸಂದಿಗೆ ಅಡ್ಡ ಬಾರದಂತೆ ಒಂದು ಪಕ್ಕಕ್ಕೆ ಕಟ್ಟಬೇಕು.

ಎರಡನೆಯದಾಗಿ, ಗಾಳಿಯು ನೀರಿನಂತೆ ಸುಲಭವಾದ ದಾರಿಯನ್ನೇ ಹಿಡಿಯುವುದು. ಫ್ಯಾನು ಎಷ್ಟೇ ಬಲವಾಗಿದ್ದರೂ ಪಕ್ಕದಲ್ಲಿ ದೊಡ್ಡ ಕಿಂಡಿಯಿದ್ದರೆ ಗಾಳಿಯು ಡಿಸ್ಕುಗಳನ್ನು ಮುಟ್ಟದೆ ಅಲ್ಲಿಂದಲೇ ಹೋಗುವುದು. ಅಂಥ ಕಿಂಡಿಗಳನ್ನು ಗಟ್ಟಿ ರಟ್ಟಿನಿಂದ ಮುಚ್ಚಿ, ಡಿಸ್ಕುಗಳ ಸಂದಿಯೊಂದೇ ದಾರಿಯಾಗುವಂತೆ ಮಾಡಬೇಕು. ಈ ಕೆಲಸವನ್ನು ವಿದ್ಯುತ್ ಸಂಪರ್ಕವನ್ನು ಕಳಚಿಯೇ ಮಾಡತಕ್ಕದ್ದು. ರಟ್ಟು ಫ್ಯಾನಿನ ರೆಕ್ಕೆಗಾಗಲಿ ವಿದ್ಯುತ್ ಭಾಗಗಳಿಗಾಗಲಿ ತಗುಲಬಾರದು. ಡಿಸ್ಕಿನ ಮೇಲಿರುವ ಉಸಿರಾಟದ ಸಣ್ಣ ರಂಧ್ರವನ್ನು ಮಾತ್ರ ಎಂದಿಗೂ ಮುಚ್ಚಕೂಡದು. ಸೆಕೆಯೆಂದು ಪೆಟ್ಟಿಗೆಯ ಮುಚ್ಚಳವನ್ನೇ ತೆಗೆದಿಡುವವರುಂಟು. ಇದರಿಂದ ಅನೇಕ ವೇಳೆ ಡಿಸ್ಕುಗಳ ನಡುವೆ ಹಾಯಬೇಕಾದ ಗಾಳಿಯು ದಾರಿ ತಪ್ಪಿ, ಧೂಳು ಮಾತ್ರ ಒಳಗೆ ಬರುವುದು.

ಮೂರನೆಯದು ಫ್ಯಾನಿನ ವಿಷಯ. ಪೆಟ್ಟಿಗೆಯು ಹಿಡಿಯುವಷ್ಟು ಅಗಲವಾದ, ನಿಧಾನವಾಗಿ ತಿರುಗುವ ಫ್ಯಾನು, ವೇಗದ ಚಿಕ್ಕ ಫ್ಯಾನಿಗಿಂತ ಕಡಮೆ ಸದ್ದಿನಲ್ಲಿ ಅಷ್ಟೇ ಗಾಳಿಯನ್ನು ಕೊಡುವುದು. ಕೆಲವು ಪೆಟ್ಟಿಗೆಗಳಲ್ಲಿ ಫ್ಯಾನಿನ ವೇಗವು ಗಣಕದ ಮಿದುಳಾದ ಪ್ರೊಸೆಸರಿನ ಶಾಖವನ್ನು ಮಾತ್ರ ಅನುಸರಿಸುವುದು. ಅದು ತಣ್ಣಗಿದ್ದರೆ ಡಿಸ್ಕುಗಳು ಬೇಯುತ್ತಿದ್ದರೂ ಫ್ಯಾನು ಮಲಗಿರುವುದು. ಆದುದರಿಂದ ಕನಿಷ್ಠವೇಗವನ್ನು ಸ್ವಲ್ಪ ಏರಿಸಿಡಬೇಕು. ಗಾಳಿ ಬರುವ ಬಾಯಿಗೆ ಜಾಲರಿಯನ್ನಿಟ್ಟು, ಬೇಸಿಗೆಯಲ್ಲಿಯೂ ಗಾಳಿಯ ದಿನಗಳಲ್ಲಿಯೂ ತಿಂಗಳಿಗೊಮ್ಮೆ ಶುಚಿಮಾಡಬೇಕು. ಯಂತ್ರವನ್ನು ಮುಚ್ಚಿದ ಬೀರುವಿನಲ್ಲಿ, ಒಲೆಯ ಬಳಿ, ಬಿಸಿಲು ಕಾದ ಗೋಡೆಯ ಪಕ್ಕದಲ್ಲಿ ಇಡಬಾರದು. ಕೂಲರಿನ ತೇವದ ಗಾಳಿಯೂ ಅದರ ಮೇಲೆ ನೇರವಾಗಿ ಬೀಸಬಾರದು.

ಮಾಡಿದ್ದು ಫಲಿಸಿತೇ ಎಂಬುದನ್ನು ಅಂದಾಜಿನಿಂದ ಹೇಳಲಾಗದು. ಡಿಸ್ಕು ತನ್ನ ಉಷ್ಣತೆಯನ್ನು ತಾನೇ ಅಳೆದು ತಿಳಿಸುವುದು. ಅದರಿಂದ ಕೋಣೆಯ ಉಷ್ಣತೆಯನ್ನು ಕಳೆದು ಉಳಿದುದನ್ನು ಬರೆದಿಡಿರಿ. ಒಂದು ಸಲಕ್ಕೆ ಒಂದೇ ಮಾರ್ಪಾಟು ಮಾಡಿ, ಗಂಟೆಯೆರಡು ಬಿಟ್ಟು, ಯಂತ್ರವು ಮೊದಲಿನಷ್ಟೇ ಕೆಲಸದಲ್ಲಿರುವಾಗ ಮತ್ತೆ ಅಳೆಯಿರಿ. ಬೇಸಿಗೆಯ ಮಧ್ಯಾಹ್ನದಲ್ಲಿಯೂ ಡಿಸ್ಕು ೪೫ ಡಿಗ್ರಿಯ ಆಸುಪಾಸಿನಲ್ಲಿದ್ದರೆ ತೃಪ್ತಿಪಡಬಹುದು.

ಇದಕ್ಕಿಂತ ಹೆಚ್ಚು ತಂಪಿಗಾಗಿ ಹೆಣಗಬೇಕಾಗಿಲ್ಲ. ೨೦೦೭ರಲ್ಲಿ ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯಲ್ಲಿ, ಉಷ್ಣಕ್ಕೂ ಡಿಸ್ಕು ಕೆಡುವುದಕ್ಕೂ ಇರುವ ಸಂಬಂಧವು ಜನರು ಎಣಿಸಿದಷ್ಟು ನೇರವಲ್ಲವೆಂದು ಕಂಡುಬಂದಿತು. ಅತಿಯಾದ ಉಷ್ಣವು ಮುಖ್ಯವಾಗಿ ಹಳೆಯ ಡಿಸ್ಕುಗಳನ್ನೇ ಬಾಧಿಸಿತ್ತು. ತಣ್ಣಗಿದ್ದ ಡಿಸ್ಕುಗಳೂ ಕೆಟ್ಟುವು. ಆದುದರಿಂದ ಅಮೂಲ್ಯವಾದುದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಇಡುವುದು ಅತ್ಯಾವಶ್ಯಕ. ಹೊಳಲ್ಕೆರೆಯ ತಾಯಿಯ ಮನೆಯಲ್ಲೊಂದು, ಹಿರಿಯೂರಿನ ಮಗಳ ಮನೆಯಲ್ಲೊಂದು ಪ್ರತಿಯಿದ್ದರೆ ಒಂದು ಕೆಟ್ಟರೂ ಮನೆತನದ ನೆನಪು ಅಳಿಯದು. ಗಾಳಿಯ ಸಂಚಾರವು ಡಿಸ್ಕಿನ ಆಯುಸ್ಸಿಗೆ ಸಹಾಯ. ಎರಡನೆಯ ಪ್ರತಿಯೇ ನೆನಪಿಗೆ ಕಾವಲು.